ರಾಹುಕಾಲದಲ್ಲಿ ತೆರೆಯದ ಪೆಟ್ಟಿಗೆ

ನನ್ನ ಅಮ್ಮ ಏನನ್ನೂ ಸುಮ್ಮನೆ ಖರ್ಚು ಮಾಡುವವಳಲ್ಲ. ಒಳ್ಳೆಯ ತುಪ್ಪ ತಿಥಿಗೆ, ಒಳ್ಳೆಯ ಸೀರೆ ಮದುವೆಮನೆಗೆ, ಒಳ್ಳೆಯ ಮಾತು ನೆಂಟರಿಗೆ. ಉಳಿದ ಮಾತೆಲ್ಲ ನನಗೆ. ಶಿವಮೊಗ್ಗದ ಕೋಟೆಯ ಬಳಿ ಪೂಜೆ ಸಾಮಾನು, ಬೇರುನಾರು ಮಾರುವ ನನ್ನ ಗ್ರಂಧಿಗೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ನಾನು ಫೋನಿನಲ್ಲಿ ಒಂದು ಯುದ್ಧದ ಆಟ ಆಡುತ್ತಿದ್ದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮ ಅದನ್ನು ಕಲಿತು ನನಗಿಂತ ಎಷ್ಟೋ ಮುಂದೆ ಹೋದಳು. ಹೊಟ್ಟೆಕಿಚ್ಚಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಆ ಆಟ ಗೆಲ್ಲುವವರು ಶೂರರಲ್ಲ, ಜಿಪುಣರು.

ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಆಟದಲ್ಲಿ ನಮಗೊಂದು ಊರು ಇರುತ್ತದೆ. ಅದಕ್ಕೆ ಗೋಡೆ ಕಟ್ಟಬೇಕು, ಸೈನ್ಯ ಕೂಡಿಸಬೇಕು. ಒಂದೊಂದಕ್ಕೂ ಮೊದಲು ಗಂಟೆಗಟ್ಟಲೆ, ಬರಬರುತ್ತಾ ದಿನಗಟ್ಟಲೆ ಕಾಯಬೇಕು. ಕಾಯುವುದನ್ನು ಕಡಿಮೆ ಮಾಡಲು ಸ್ಪೀಡಪ್ ಎಂಬ ಚೀಟಿಗಳು ಸಿಗುತ್ತವೆ. ಸಿಕ್ಕಿದ ದಿನವೇ ಸುರಿದುಬಿಡುವುದು ನನ್ನ ಜಾಯಮಾನ. ಅಮ್ಮ ಮುಟ್ಟುತ್ತಿರಲಿಲ್ಲ. ಆಗಾಗ ಕೆಲವೇ ದಿನ ನಡೆಯುವ ಇವೆಂಟ್ ಬರುತ್ತದೆ. ಆಗ ಬಳಸಿದ ಚೀಟಿಗೆಲ್ಲ ಪಾಯಿಂಟ್, ಪಾಯಿಂಟ್ ಏರಿದಂತೆ ಒಂದೊಂದು ಬಹುಮಾನದ ಪೆಟ್ಟಿಗೆ, ಅದರೊಳಗೆ ಇನ್ನಷ್ಟು ಚೀಟಿ. ಅಮ್ಮ ಇವೆಂಟಿಗೆ ಮುಂಚೆಯೇ ಸೈನ್ಯವನ್ನು ದೂರದ ಹೊಲಗಳಿಗೆ ಕಳಿಸಿ, ಶುರುವಾದ ಮೇಲೆ ಧಾನ್ಯ ಹೊತ್ತು ಊರು ಸೇರುವಂತೆ ಮಾಡುತ್ತಿದ್ದಳು, ಯಾಕೆಂದರೆ ಪಾಯಿಂಟ್ ಸಿಗುವುದು ಧಾನ್ಯ ಊರು ಮುಟ್ಟಿದಾಗ. ದೊಡ್ಡ ಕಟ್ಟಡದ ಕೆಲಸ ಮೊದಲೇ ಹಿಡಿದು, ಮುಗಿಯುವುದು ಮಾತ್ರ ಇವೆಂಟಿನೊಳಗೆ ಬೀಳುವಂತೆ ನೋಡಿಕೊಳ್ಳುತ್ತಿದ್ದಳು. ಜೊತೆಗೆ ಆಡುವ ಬಳಗದವರ ಪುಕ್ಕಟೆ ಸಹಾಯ ಪೂರ್ತಿ ಬಂದ ಮೇಲೆಯೇ ತನ್ನ ಚೀಟಿಗೆ ಕೈ ಹಾಕುವುದು.

“ಹಬ್ಬ ಇಲ್ದೆ ಹೋಳಿಗೆ ಮಾಡಿದ್ರೆ ಹೊಟ್ಟೆ ತುಂಬತ್ತೆ ಅಷ್ಟೆ ಮಾರಾಯ, ಪುಣ್ಯ ಬರಲ್ಲ” ಎನ್ನುತ್ತಿದ್ದಳು.

ಈ ವರ್ಷ ಅವಳಿಗೆ ಮನೆಯ ಮೆಟ್ಟಿಲು ಹತ್ತಲು ಉಸಿರು ಸಾಲದಾಯಿತು. ನಡುವೆ ನಿಂತು ಗೋಡೆ ಹಿಡಿದುಕೊಂಡು, ಗೋಡೆಯ ಸುಣ್ಣ ನೋಡುತ್ತಿರುವವಳಂತೆ ನಟಿಸುತ್ತಿದ್ದಳು. ಹೃದಯದ ಒಂದು ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಅವರು ಮಾತು ಮುಗಿಸುವಷ್ಟರಲ್ಲಿ ಅಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದಳು.

ನಾನು ಬೇಡಿಕೊಂಡೆ, ಬೈದೆ. ಭದ್ರಾವತಿಯಿಂದ ಅಕ್ಕ ಬಂದು ಅತ್ತಳು. ಕೊನೆಗೆ ಅಮ್ಮ, “ಪ್ರಸಾದ ಕೇಳ್ತೀನಿ” ಎಂದಳು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ದೇವರ ಮೇಲಿನ ಹೂವು ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ನನಗೆ ಜೀವ ಬಂದಂತಾಯಿತು. ನಮ್ಮ ದೇವಸ್ಥಾನದ ಭಟ್ಟರು ಕರ್ಪೂರ ಒಯ್ಯುವುದು ನನ್ನ ಅಂಗಡಿಯಿಂದಲೇ.

“ಆ ಭಟ್ರ ಹತ್ರ ಅಲ್ಲ” ಎಂದಳು ಅಮ್ಮ, ನನ್ನ ಮುಖ ನೋಡಿ. “ಹೂವು ಯಾವ ಕಡೆ ಬೀಳ್ಬೇಕು ಅಂತ ನೀನು ಮೊದ್ಲೇ ಹೇಳಿಟ್ಟಿರ್ತೀಯ.”

“ಮತ್ತೆ ಯಾವ ದೇವರನ್ನ ಕೇಳ್ತೀಯ?”

ಅವಳು ಫೋನ್ ಎತ್ತಿ ತೋರಿಸಿದಳು. “ಇದಕ್ಕೆ ನೀನು ಯಾರು ಅಂತ್ಲೇ ಗೊತ್ತಿಲ್ಲ.”

ಮುಂದಿನ ಇವೆಂಟಿನ ಕೊನೆಯ ಪೆಟ್ಟಿಗೆಯಲ್ಲಿ ಒಬ್ಬ ಸೇನಾಪತಿ ಇದ್ದ. ಆ ಪೆಟ್ಟಿಗೆಯವರೆಗೆ ಅವಳ ಪಾಯಿಂಟ್ ಎಂದೂ ಮುಟ್ಟಿರಲಿಲ್ಲ. ಅವನು ಸಿಕ್ಕಿದರೆ ಆಪರೇಷನ್, ಸಿಗದಿದ್ದರೆ ಆ ಮಾತನ್ನು ಯಾರೂ ಎತ್ತಬಾರದು. ನಾನು ದುಡ್ಡು ಕಟ್ಟಿ ಚೀಟಿ ಕೊಳ್ಳುವ ಹಾಗೂ ಇಲ್ಲ, ಕೊಂಡದ್ದು ಪ್ರಸಾದವಲ್ಲ. ಅಕ್ಕ ತಲೆ ಚಚ್ಚಿಕೊಂಡಳು. ನಾನು ಒಪ್ಪಿದೆ. ಬೇರೇನು ಮಾಡಲಿ?

ಇವೆಂಟ್ ಶುರುವಾದ ಮೇಲೆ ಅಂಗಡಿಯಲ್ಲಿ ನನ್ನ ಮನಸ್ಸಿರಲಿಲ್ಲ. ಯಾರೋ ಬಜೆ ಕೇಳಿದರೆ ಜ್ಯೇಷ್ಠಮಧು ಕೊಟ್ಟೆ. ಊಟಕ್ಕೆ ಕೂತರೆ ಅವಳ ಪಾಯಿಂಟ್, ಎದ್ದರೆ ಅವಳ ಪಾಯಿಂಟ್. ತೆರೆಯ ಮೇಲೆ ಪಾಯಿಂಟಿನ ಹಸಿರು ಪಟ್ಟಿ ಒಂದು ಕೂದಲೆಳೆಯಷ್ಟು ಸರಿದರೆ ಅವಳಿಗೆ ಅಷ್ಟು ಉಸಿರು ಬಂತು ಎಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ ದೇವರ ಸಾಮಾನು ಮಾರಿದ ನಾನು ಕೈ ಮುಗಿದದ್ದು ಒಂದು ಆಟದ ಪಟ್ಟಿಗೆ.

ಕೊನೆಯ ದಿನ ಭಾನುವಾರ. ಪ್ರಸಾದ ಕೇಳುವಾಗ ಮಕ್ಕಳಿಬ್ಬರೂ ಇರಬೇಕೆಂದು ಅಮ್ಮ ಹಟ ಹಿಡಿದದ್ದರಿಂದ ಬೆಳಿಗ್ಗೆಯೇ ಭದ್ರಾವತಿಗೆ ಹೋದೆವು. ಅಕ್ಕನ ಮನೆ ಕಾರ್ಖಾನೆಯ ಕಡೆಗಿದೆ. ಪಕ್ಕದ ಮನೆಯ ತಮಿಳು ಜಗಳ ಅವಳ ಅಡುಗೆಮನೆಗೆ ಕೇಳಿಸುತ್ತದೆ, ಅವಳಿಗೆ ಎಲ್ಲ ಅರ್ಥವಾಗುತ್ತದೆ. ಇವೆಂಟ್ ಮುಗಿಯುವುದು ಯಾವುದೋ ದೇಶದ ಗಡಿಯಾರದ ಪ್ರಕಾರ, ನಮಗೆ ಅದು ಸಂಜೆ ಐದೂವರೆ. ಊಟ ಮುಗಿಸಿ ಅಮ್ಮ ಕೂಡಿಟ್ಟ ಚೀಟಿಗಳನ್ನು ಸುರಿಯತೊಡಗಿದಳು. ಕಟ್ಟಡಗಳು ಎದ್ದವು, ಪೆಟ್ಟಿಗೆಗಳು ಒಂದೊಂದಾಗಿ ತೆರೆದವು. ಕೊನೆಯ ಪೆಟ್ಟಿಗೆಗೆ ಇನ್ನು ಒಂದು ಸೈನ್ಯ ಧಾನ್ಯ ತಂದರೆ ಸಾಕಿತ್ತು. ಅದು ಇನ್ನೂ ದಾರಿಯಲ್ಲಿತ್ತು. ಸಂಜೆ ನಾಲ್ಕೂವರೆ ದಾಟಿ ತುಸು ಹೊತ್ತಿಗೆ ಊರು ಸೇರಿತು. ಪಟ್ಟಿ ತುಂಬಿತು, ಪೆಟ್ಟಿಗೆ ಹೊಳೆಯಿತು. ಇನ್ನು ಬೆರಳಿಟ್ಟು ಒತ್ತಿದರಾಯಿತು.

ಅಮ್ಮ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. “ರಾಹುಕಾಲ. ಆರು ಗಂಟೆ ಆಗ್ಲಿ.”

“ಅಮ್ಮ, ಐದೂವರೆಗೆ ಮುಚ್ಚಿಬಿಡತ್ತೆ.”

“ರಾಹುಕಾಲದಲ್ಲಿ ಪ್ರಸಾದ ತಗೊಳ್ತಾರಾ ಯಾರಾದ್ರೂ? ಪಂಚಾಂಗ ಮಾರೋನು ನೀನೇ.”

ಒತ್ತದ ಪೆಟ್ಟಿಗೆ ಇವೆಂಟಿನ ಜೊತೆಯೇ ಹೋಗುತ್ತದೆ ಎಂದು ಬಳಗದವರೆಲ್ಲ ನಂಬಿದ್ದರು, ಬಿಟ್ಟು ನೋಡಿದ ಧೈರ್ಯಸ್ಥರು ಯಾರೂ ಇರಲಿಲ್ಲ. ನಾನು ಕೈ ಚಾಚಿದೆ. ಅಮ್ಮ ಎರಡೂ ಕೈಯಿಂದ ಫೋನ್ ಅವುಚಿಕೊಂಡಳು. ಎಳೆದಾಡಿದರೆ ಅವಳ ಉಸಿರು ಕಟ್ಟುತ್ತದೆಂಬ ಭಯಕ್ಕೆ ಕೈ ಹಿಂದೆ ತೆಗೆದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ ನಾನು ಆ ಪುಟ್ಟ ಹಜಾರದಲ್ಲಿ ಸುತ್ತು ಹಾಕಿದೆ. ಅಕ್ಕ ಅಮ್ಮನ ಕಾಲ ಬಳಿ ಕೂತು, “ಕೊಡಮ್ಮ, ನನ್ನಾಣೆ” ಎಂದಳು. ಅಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು.

ಆಗ ನನಗೆ ಹೊಳೆಯಿತು. ಸೈನ್ಯ ಎಲ್ಲಿಂದ ಹೊರಟರೆ ಯಾವಾಗ ಬರುತ್ತದೆ ಎಂಬ ಲೆಕ್ಕದಲ್ಲಿ ಅಮ್ಮ ಎಂದೂ ತಪ್ಪಿದವಳಲ್ಲ. ಆ ಕೊನೆಯ ಸೈನ್ಯ ರಾಹುಕಾಲ ಹುಟ್ಟಿದ ಮೇಲೆ ಬಂದದ್ದು ತಾನಾಗಿ ಅಲ್ಲ.

“ಬೇಕಂತ್ಲೇ ಮಾಡಿದೀಯ” ಎಂದೆ. “ಗೆಲ್ಲೋದೂ ಬೇಡ, ಸೋಲೋದೂ ಬೇಡ ನಿಂಗೆ. ನಾವು ಏನು ಮಾಡ್ಬೇಕು ಹೇಳು.”

ಅವಳು ಫೋನಿನ ಅಂಚನ್ನು ಸೆರಗಿನಿಂದ ಒರೆಸಿದಳು. “ಎದೆ ಕೊಯ್ತಾರಂತಲ್ಲೋ” ಎಂದಳು ಆಮೇಲೆ. “ಹೆದ್ರಿಕೆ ಆಗತ್ತೆ ಮಾರಾಯ. ಕೂಡಿಟ್ಟಿದ್ದನ್ನ ಹಾಳು ಮಾಡೋಕೂ ಮನಸ್ಸು ಬರ್ಲಿಲ್ಲ.”

ಐದೂವರೆಯಾಯಿತು. ನಾನು ಅಕ್ಕನ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ನನಗೆ ಅವಳ ಮೇಲೆ ಸಿಟ್ಟಿತ್ತು. ಅವಳು ಸಾಯುತ್ತಾಳೆ, ಅದೂ ಒಂದು ಗುಂಡಿ ಒತ್ತದೆ ಸಾಯುತ್ತಾಳೆ ಎಂಬ ಸಿಟ್ಟು.

ಆರು ಗಂಟೆಗೆ ಅಕ್ಕ ದೀಪ ಹಚ್ಚಿ ಬಂದಳು. ಅಮ್ಮ ಕೈ ಮುಗಿದು, ಅಭ್ಯಾಸದಂತೆ ಫೋನ್ ತಿರುಗಿಸಿದಳು. ಆಟದೊಳಗಿನ ಅಂಚೆಯಲ್ಲಿ ಕೆಂಪು ಚುಕ್ಕೆ ಇತ್ತು. ಒತ್ತಿದಳು. ನೀವು ತೆಗೆದುಕೊಳ್ಳಲು ಮರೆತ ಬಹುಮಾನ ಎಂದು ಇಂಗ್ಲಿಷಿನಲ್ಲಿ ಬರೆದು, ಸೇನಾಪತಿಯನ್ನು ಕಳಿಸಿಕೊಟ್ಟಿದ್ದರು. ನಾನು ಓದಿ ಹೇಳಿದೆ. ಅಮ್ಮ ಇನ್ನೊಮ್ಮೆ ಓದಿಸಿದಳು.

“ಈ ದೇವ್ರೂ ನಿನ್ನ ಕಡೇನೇ” ಎಂದಳು. ಫೋನನ್ನು ಕಣ್ಣಿಗೊತ್ತಿಕೊಂಡು, “ಯಾವತ್ತು ಬರ್ಬೇಕು ಅಂತ ಡಾಕ್ಟ್ರನ್ನ ಕೇಳು” ಎಂದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ಯುವಾಗ ಅವಳು ಬಳೆ ಬಿಚ್ಚಿ ಅಕ್ಕನಿಗೆ ಕೊಟ್ಟಳು, ಫೋನ್ ನನಗೆ. “ನಾನು ಬರೋವರೆಗೆ ಏನೂ ಖರ್ಚು ಮಾಡ್ಬೇಡ. ನಿನ್ನ ಕೈ ಒಳ್ಳೇದಲ್ಲ.” ಬಾಗಿಲು ಮುಚ್ಚಿದ ಮೇಲೆ ನಾನು ಗೆದ್ದದ್ದು ಅಮ್ಮನ ಎದೆ ಕೊಯ್ಯುವುದನ್ನು ಎಂದು ನನಗೆ ಅರಿವಾಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು. ಆದರೆ ಅಮ್ಮ ಎಚ್ಚರವಾಗಬೇಕಾದ ಹೊತ್ತಿಗೆ ಎಚ್ಚರವಾಗಲಿಲ್ಲ. ಮರುದಿನ ಕಣ್ಣು ಬಿಟ್ಟಳು, ಯಾರನ್ನೂ ನೋಡಲಿಲ್ಲ. ಬಾಯಲ್ಲಿ ನಳಿಕೆ. ಅಕ್ಕ ಕರೆದಳು, ಕೈ ಹಿಸುಕಿದಳು, ಅಲುಗಾಟವಿಲ್ಲ. ಕಾಯಬೇಕು ಎಂದರು. ಹೊರಗಿನ ಬೆಂಚಿನಲ್ಲಿ ಕೂತು ಕಾದೆವು. ಕಾಯುವುದನ್ನು ಕಡಿಮೆ ಮಾಡುವ ಚೀಟಿ ಆ ಬೆಂಚಿನ ಮೇಲೆ ಯಾರ ಬಳಿಯೂ ಇರಲಿಲ್ಲ. ನನ್ನ ಜೇಬಿನಲ್ಲಿ ಅವಳ ಫೋನ್ ಗುಂಯ್ ಎಂದಿತು. ಹೊಸ ಇವೆಂಟ್ ಶುರುವಾಗಿತ್ತು.

ಸಂಜೆ ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಅಕ್ಕ ನನ್ನನ್ನು ಕಳಿಸಿದಳು. ಅಮ್ಮನ ಕಣ್ಣು ಅರ್ಧ ತೆರೆದಿತ್ತು. ಸ್ತೋತ್ರ ಹೇಳೋಣವೆಂದರೆ ಒಂದೂ ನೆನಪಿಗೆ ಬರಲಿಲ್ಲ. ಕಿವಿಯ ಬಳಿ ಬಾಗಿದೆ.

“ಅಮ್ಮ, ಹೊಸ ಇವೆಂಟ್ ಬಂದಿದೆ. ಪೆಟ್ಟಿಗೆಯಲ್ಲಿ ಸಿಕ್ಕಿದ ಚೀಟಿ ಎಲ್ಲ ಹಾಗೇ ಇದೆ. ನೀನು ಮಲ್ಕೊಂಡಿದೀಯಲ್ಲ, ಎಲ್ಲ ಇವತ್ತೇ ಸುರಿದುಬಿಡ್ಲಾ?”

ಏನೂ ಆಗಲಿಲ್ಲ. ನಾನು ನೆಟ್ಟಗಾಗಬೇಕು ಎನ್ನುವಾಗ ಹೊದಿಕೆಯ ಮೇಲಿದ್ದ ಅವಳ ತೋರುಬೆರಳು ಮೇಲೆದ್ದಿತು. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಆಡಿತು. ಚಿಕ್ಕಂದಿನಲ್ಲಿ ನಾನು ಉಪ್ಪಿನಕಾಯಿ ಭರಣಿಗೆ ಕೈ ಹಾಕಿದಾಗ ಆಡುತ್ತಿದ್ದ ಬೆರಳು ಅದು.

ನರ್ಸ್ ಓಡಿ ಬಂದು, “ಏನಂತೆ ಅವ್ರು?” ಎಂದು ಕೇಳಿದರು.

“ಬೇಡವಂತೆ” ಎಂದೆ. “ಮುಂದಿನ ಇವೆಂಟಿಗೆ ಇಡ್ಬೇಕಂತೆ.”