ಕರಿಟೊಪ್ಪಿಗೆಯ ದೃಷ್ಟಿಗೊಂಬೆ

ಖಾನಾಪುರದ ಸಕಲ ಕಟ್ಟೆಗಳ ಮೇಲೆ ವಿರಾಜಮಾನರಾದ ಗೆಳೆಯ ಮಹಾಶಯರೇ, ಚಿತ್ತವಿಟ್ಟು ಕೇಳುವಂಥವರಾಗಿ!

ಮಳೆಗೆ ಮುಂಚೆ ನಮ್ಮ ಹೊಸ ಮನೆಯ ಹಿಂಗೋಡೆ ಮುಗಿಯಬೇಕು. ಗುತ್ತಿಗೆದಾರ ಶಿವಪ್ಪನ ಗೌಂಡಿಗಳೋ, ನಮ್ಮ ಕುಡಿಯುವ ನೀರಿನಲ್ಲಿ ಕರಣೆ ತೊಳೆದು, ಮರಳಿನ ಗುಡ್ಡೆಯ ಮೇಲೆ ಇಸ್ಪೀಟು ಆಡುತ್ತಾರೆ. ಸಾಲಿಮಾಸ್ತರರಾದ ಅಪ್ಪ ಇಂದು ಬೆಳಗಾವಿಗೆ ಹೋಗಿದ್ದರು. ನಾನು ಮುಂಗೋಡೆಯ ಮೇಲಿನ ದೃಷ್ಟಿಗೊಂಬೆಗೆ ಅವರ ಹಳೇ ಕೋಟು, ಕರಿಟೊಪ್ಪಿಗೆ ತೊಡಿಸಿ, ಕೊಡೆ ಹಿಡಿಸಿದೆ.

ಶಿವಪ್ಪ ಬಂದವನೇ ಗೊಂಬೆಗೆ ಕೈಮುಗಿದ. "ಇವತ್ತ ಗ್ವಾಡಿ ಮುಗಸ್ತೀವ್ರಿ ಮಾಸ್ತರ! ಬಿಸಲಾಗ ಯಾಕ ನಿಂತೀರಿ, ಕೆಳಗ ಬರ್ರಿ!"

ಗೊಂಬೆ ಮಿಸುಕಲಿಲ್ಲ.

"ಭಾಳ ಸಿಟ್ಟಿನಾಗ ಅದಾರ, ಏಳ್ರಲೇ! ಇಸ್ಪೀಟ್ ಎಲಿ ಒಗೀರಿ!" ಎಂದು ಗೌಂಡಿಗಳನ್ನು ಎಬ್ಬಿಸಿದ. ಸಂಜೆಯೊಳಗೆ ಗೋಡೆ ಮುಗಿಯಿತು.

ವಿಜಯೋತ್ಸವಕ್ಕೆಂದು ನಾನು ಬೀಡಿ ಹಚ್ಚಿ ಅಂಗಳಕ್ಕೆ ಬಂದೆ. ಮೇಲೆ ಕರಿಟೊಪ್ಪಿಗೆ ಕಂಡಿತು. ಅಪ್ಪನೇ ಎಂದುಕೊಂಡು ಉರಿಯುವ ಬೀಡಿಯನ್ನು ಜೇಬಿಗೆ ತುರುಕಿದೆ. ಅಂಗಿಗೆ ತೂತು ಬಿದ್ದಿದೆ.