ವೆಲ್ಡಾ ದೊಡ್ಡಮ್ಮನ ಫ್ಲಾಕ್ಸ್ ದಿಬ್ಬ

ನಮ್ಮ ಕೆಂಟಕಿ ಕಣಿವೆಯಲ್ಲಿ ವೆಲ್ಡಾ ದೊಡ್ಡಮ್ಮನ ಅಂಗಳದಿಂದ ಬರಿಗೈಲಿ ಹೊರಟವರಿಲ್ಲ. ಅಂಚೆಯವನು ಬರಲಿ, ಪಾದ್ರಿ ಬರಲಿ, ದಿಬ್ಬದ ಮೇಲೆ ಚಾಪೆಯಂತೆ ಹಬ್ಬಿದ ಗುಲಾಬಿ ಬಣ್ಣದ ಫ್ಲಾಕ್ಸ್ ಹೂಗಿಡದ ಒಂದು ತುಂಡನ್ನು ಅಡುಗೆ ಚಾಕುವಿನಿಂದ ಬೇರುಸಮೇತ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಕೈಗೆ ತುರುಕುತ್ತಾಳೆ. ಇಸಕೊಂಡವರು ಬಾಯಿ ತೆರೆದರೆ ಮುಗಿಯಿತು: "ಥ್ಯಾಂಕ್ಸ್ ಗೀಂಕ್ಸ್ ಅಂದೀಯ, ಜೋಕೆ! ಹಾಗಂದ್ರೆ ಗಿಡ ಸತ್ತೇಹೋಗ್ತದೆ." ಹೋದ ವರ್ಷ ಹಳ್ಳ ಉಕ್ಕಿ ಅವಳ ದಿಬ್ಬವೇ ಕೊಚ್ಚಿಹೋಯಿತು. ನೀರಿಳಿದ ಮೇಲೆ ನಾವೆಲ್ಲ ನಮ್ಮ ನಮ್ಮ ಅಂಗಳದಿಂದ ಒಂದೊಂದು ತುಂಡು ಕಿತ್ತು, ಒದ್ದೆ ಪೇಪರಿನಲ್ಲೇ ಸುತ್ತಿ ತಂದೆವು. ಅಷ್ಟನ್ನೂ ಎದೆಗೊತ್ತಿಕೊಂಡ ದೊಡ್ಡಮ್ಮ ಏನೋ ಹೇಳಹೊರಟವಳು ತುಟಿ ಕಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಗದರಿದಳು: "ಬೇರಿಗೆ ಇಷ್ಟೇನಾ ಮಣ್ಣು ಬಿಡೋದು, ಮುಂಡೇವಾ?"