ನೂರ ಹದಿನೆಂಟರ ಒರೆ

ಸೋಲಿಂಗೆನ್ ಊರಿನಲ್ಲಿ ಕತ್ತಿ ಎಂದರೆ ಯಾರೂ ತಲೆಯೆತ್ತಿಯೂ ನೋಡುವುದಿಲ್ಲ. ಚಾಕು, ಕತ್ತರಿ, ಕ್ಷೌರದ ಕತ್ತಿ ಎಂದು ನಾಲ್ಕೈದು ತಲೆಮಾರು ಅಲಗನ್ನೇ ನಂಬಿ ಉಂಡ ಊರು ಅದು. ಆದರೂ ಎವಾಲ್ಡ್ ಹಾಸೆಲ್‌ಕುಸ್‌ನ ಮನೆಯ ಮುಂದೆ ಹಾಯುವವರು ಕಿಟಕಿಯತ್ತ ಒಮ್ಮೆ ಕಣ್ಣು ಹಾಯಿಸಿಯೇ ಮುಂದೆ ಹೋಗುತ್ತಿದ್ದರು. ಒಳಗೆ ಗೋಡೆಯ ತುಂಬ ಬಯನೆಟ್‌ಗಳು, ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿಗಳು, ತೂಗುತ್ತಿದ್ದವು. ಎಲ್ಲವೂ ಮೊದಲ ಮಹಾಯುದ್ಧದವರೆಗೆ ಜರ್ಮನಿಯನ್ನು ಆಳಿದ ಚಕ್ರವರ್ತಿ ಕೈಸರನ ಕಾಲದವು. ಅದಕ್ಕಿಂತ ಈಚಿನದನ್ನು, ನಾಜಿಗಳು ಆಳಿದ ಆ ಕೆಟ್ಟ ಹನ್ನೆರಡು ವರ್ಷದ ಮಾಲನ್ನು, ಅವನು ಹೊಸಿಲು ದಾಟಿಸುತ್ತಿರಲಿಲ್ಲ. ಅವನ ಅಪ್ಪ ಆಗಲೇ ಯುದ್ಧಕ್ಕೆಂದು ರಷ್ಯಾಕ್ಕೆ ಹೋದವನು ಹಿಂತಿರುಗಿ ಬಂದಿರಲಿಲ್ಲ. ಇದನ್ನೆಲ್ಲ ಬೀದಿಯವರಿಗೆ ವಿವರಿಸಿ ಹೇಳುವುದು ಹೇಗೆ? ಎದುರುಮನೆಯಾಕೆ ತನ್ನ ಮಕ್ಕಳಿಗೆ, ಆ ತಾತನ ಮನೆಗೆ ಹೋಗಬೇಡಿ, ಅವನಿಗೆ ಇನ್ನೂ ಯುದ್ಧ ಮುಗಿದಿಲ್ಲ ಎಂದು ಹೇಳಿಟ್ಟಿದ್ದಳು.

ಎವಾಲ್ಡ್ ಕತ್ತರಿ ಕಾರ್ಖಾನೆಯಲ್ಲಿ ಸಾಣೆ ಹಿಡಿದು ನಿವೃತ್ತನಾದವನು. ಅಮ್ಮ ಬದುಕಿರುವವರೆಗೆ ಅವನ ಮನೆಯಲ್ಲಿ ಮದುವೆಯ ಮಾತು ಏಳಲಿಲ್ಲ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ ಎಂಬುದು ಆ ತಾಯಿಗೂ ಗೊತ್ತಿತ್ತು, ಎರಡನೆಯ ಕತ್ತಿಯಾಗಿ ಬರಬಹುದಾಗಿದ್ದ ಕಾರ್ಖಾನೆಯ ಟೈಪಿಸ್ಟಳಿಗೂ ಗೊತ್ತಿತ್ತು. ಅಮ್ಮ ತೀರಿಕೊಳ್ಳುವ ಹೊತ್ತಿಗೆ ಟೈಪಿಸ್ಟಳ ಮಗಳಿಗೇ ಮದುವೆಯಾಗಿತ್ತು. ಆಮೇಲೆ ಅವನು ದಿನಕ್ಕೆ ಆಡುತ್ತಿದ್ದ ಮಾತೆಂದರೆ ಬೇಕರಿಯವಳ ಹತ್ತಿರ ಕಪ್ಪು ಬ್ರೆಡ್ಡು ಕೇಳುವಾಗಿನ ಎರಡು ಮಾತು. ಭಾನುವಾರ ಬೇಕರಿಗೆ ರಜೆ.

ಬಯನೆಟ್ಟಿನ ಹುಚ್ಚು ಹತ್ತಿದ್ದು ಅದರ ಗುರುತಿನಿಂದ. ಹಿಡಿಯ ಕೆಳಗಿನ ಅಡ್ಡಪಟ್ಟಿಯ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಠಸ್ಸೆ ಹೊಡೆದಿರುತ್ತದೆ: ಯಾವ ದಳ, ಯಾವ ಕಂಪನಿ, ಎಷ್ಟನೆಯ ಆಯುಧ. ತುಕ್ಕು ತಿಂದದ್ದನ್ನು ಓದುವುದಕ್ಕೆ ಉಜ್ಜಬಾರದು, ಉಜ್ಜಿದರೆ ಅಕ್ಷರವೂ ಹೋಗುತ್ತದೆ. ಎಣ್ಣೆ ಸವರಿ ವಾರಗಟ್ಟಲೆ ಕಾಯಬೇಕು, ದೀಪವನ್ನು ಪಕ್ಕದಿಂದ ಹಿಡಿಯಬೇಕು, ತೆಳು ಕಾಗದವಿಟ್ಟು ಪೆನ್ಸಿಲ್ ಆಡಿಸಬೇಕು. ಆಗ ನೂರು ವರ್ಷದ ಹಿಂದಿನ ದಳವೊಂದು ಕಾಗದದ ಮೇಲೆ ಬೂದುಬಣ್ಣದಲ್ಲಿ ಮೇಲೇಳುತ್ತದೆ. ಆಮೇಲೆ ಎವಾಲ್ಡ್ ಡ್ಯುಸೆಲ್‌ಡಾರ್ಫಿನ ಗ್ರಂಥಾಲಯಕ್ಕೆ ಹೋಗಿ ಆ ದಳದ ಚರಿತ್ರೆ ಓದುತ್ತಿದ್ದ. ಅದು ಎಲ್ಲಿ ನಡೆಯಿತು, ಎಲ್ಲಿ ಕೆಸರಲ್ಲಿ ಹೂತುಹೋಯಿತು ಎಲ್ಲ ತಿಳಿಯುತ್ತಿತ್ತು. ಕತ್ತಿ ಹಿಡಿದಿದ್ದವನ ಹೆಸರು ಮಾತ್ರ ತಿಳಿಯುತ್ತಿರಲಿಲ್ಲ. ಸೈನಿಕರ ಹೆಸರಿದ್ದ ದಾಖಲೆಗಳು ಪೋಟ್ಸ್‌ಡಾಮಿನಲ್ಲಿ ಬಾಂಬಿಗೆ ಸಿಕ್ಕಿ ಸುಟ್ಟುಹೋಗಿದ್ದವು. ಹೀಗಾಗಿ ಮನೆಯ ತುಂಬ ಹೆಸರಿಲ್ಲದವರು, ನಡುವೆ ಯಾರೂ ಹೆಸರು ಹಿಡಿದು ಕರೆಯದ ಎವಾಲ್ಡ್.

ಅವನ ಹತ್ತಿರ ಒಂದು ಖಾಲಿ ಒರೆ ಇತ್ತು. ಕಲೋನಿನ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಮುದುಕಿ ಅದರಲ್ಲಿ ಹೆಣಿಗೆಯ ಕಡ್ಡಿಗಳನ್ನು ಸಿಕ್ಕಿಸಿಟ್ಟಿದ್ದಳು. ಕಪ್ಪು ತೊಗಲು, ಬಾಯಿಗೂ ತುದಿಗೂ ಉಕ್ಕಿನ ಪಟ್ಟಿ. ಬಾಯಿಯ ಪಟ್ಟಿಯ ಮೇಲೆ ಐವತ್ತೇಳನೆಯ ದಳ, ಐದನೆಯ ಕಂಪನಿ, ನೂರ ಹದಿನೆಂಟು ಎಂಬ ಗುರುತು. ಐವತ್ತೇಳನೆಯದು ವೇಸೆಲ್ ಊರಿನ ದಳ. ತೊಗಲು ಕುಗ್ಗಬಾರದೆಂದು ಎವಾಲ್ಡ್ ಕತ್ತಿಯ ಆಕಾರಕ್ಕೆ ಒಂದು ಮರದ ಪಟ್ಟಿ ಕೆತ್ತಿ ಒಳಗಿಟ್ಟಿದ್ದ. ಕತ್ತಿ ಎಲ್ಲಿದೆಯೋ ದೇವರೇ ಬಲ್ಲ ಎಂದುಕೊಂಡಿದ್ದ.

ದೇವರಲ್ಲದೆ ಇನ್ನೊಬ್ಬನೂ ಬಲ್ಲವನಿದ್ದ. ವೆಸ್ಟ್‌ಫಾಲಿಯಾದ ಸಣ್ಣ ಊರೊಂದರಲ್ಲಿ, ಬಂದೂಕು ಸಂಘದ ಸಭಾಂಗಣದಲ್ಲಿ, ಪ್ರತಿ ವಸಂತಕ್ಕೆ ಸಂಗ್ರಹಕಾರರ ಸಂತೆ ಸೇರುತ್ತದೆ. ಅಲ್ಲಿ ಪಕ್ಕದ ಮೇಜಿನಲ್ಲಿ ಕೂತಿದ್ದವನು ಆಲ್ವಿನ್ ಡೇನ್‌ಹಾರ್ಟ್, ಬೇಬ್ರಾ ಜಂಕ್ಷನ್ನಿನಲ್ಲಿ ಸಿಗ್ನಲ್ ಎಳೆದು ನಿವೃತ್ತನಾದ ವಿಧುರ. ಅವನ ಮುಂದೆ ಬೇರೆ ಯಾವುದೋ ದಳದ ಒರೆಯೊಳಗೆ ಸೇರಿಕೊಂಡು ಕೂತಿತ್ತು ಐವತ್ತೇಳು, ಐದು, ನೂರ ಹದಿನೆಂಟು! ಎವಾಲ್ಡ್ ಅದನ್ನು ಎರಡೆರಡು ಸಲ ಓದಿ ನೋಡಿದ. ಯುದ್ಧದಲ್ಲಿ, ಉಗ್ರಾಣಗಳಲ್ಲಿ, ಅಟ್ಟಗಳಲ್ಲಿ ಒರೆ ಕತ್ತಿಗಳು ಅದಲುಬದಲಾಗಿ ಹೋಗಿರುತ್ತವೆ. ಬೇರೆಯಾದ ಜೋಡಿ ಮತ್ತೆ ಎದುರುಬದುರಾಗುವುದನ್ನು ಸಂಗ್ರಹಕಾರರಲ್ಲಿ ಬಹುಮಂದಿ ಜನ್ಮದಲ್ಲಿ ಒಮ್ಮೆಯೂ ಕಂಡಿರುವುದಿಲ್ಲ.

ಅದಕ್ಕೆ ಅವರಲ್ಲಿ ಒಂದು ಪದ್ಧತಿ ಇದೆ. ಒರೆ ಕತ್ತಿಯ ಹಿಂದೆ ಹೋಗಬೇಕು, ಅಂದರೆ ಒರೆ ಇದ್ದವನು ಕತ್ತಿ ಇದ್ದವನಿಗೆ ಅದನ್ನು ನ್ಯಾಯವಾದ ಬೆಲೆಗೆ ಬಿಟ್ಟುಕೊಡಬೇಕು. ಇನ್ನೊಂದು, ಕತ್ತಿಯನ್ನು ಅದರ ಒರೆಗೆ ಒಮ್ಮೆ ಇಳಿಸಿದರೆ ಮುಗಿಯಿತು, ವ್ಯಾಪಾರ ಆದಂತೆ. ಸುಮ್ಮನೆ ಹಾಕಿ ನೋಡುವ ಹಾಗಿಲ್ಲ. ಆ ದಿನ ಎವಾಲ್ಡ್ ಪದ್ಧತಿಗೆ ತಲೆಬಾಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವನು ಬಾಯಿಗೆ ಬಂದ ಬೆಲೆ ಹೇಳಿದ. ಆಲ್ವಿನ್ ನಕ್ಕು, ಒರೆಯೊಳಗೆ ಕೈಸರನೇನಾದರೂ ಮಲಗಿದ್ದಾನೆಯೇ ಎಂದು ಕೇಳಿದ. ಇಬ್ಬರೂ ಮಧ್ಯಾಹ್ನದವರೆಗೆ ಜಗ್ಗಾಡಿ, ಸಾಸೇಜು ಹಾಕಿದ ಬಟಾಣಿ ಸೂಪು ಕುಡಿದು, ಸಂಜೆಯವರೆಗೆ ಮತ್ತೆ ಜಗ್ಗಾಡಿ, ಏನೂ ಇತ್ಯರ್ಥವಾಗದೆ ಕೈಕುಲುಕಿ ಹೊರಟರು. ಮನೆಗೆ ಬಂದ ಎವಾಲ್ಡನ ಗಂಟಲು ನೋಯುತ್ತಿತ್ತು. ಅಷ್ಟು ಮಾತಾಡಿ ಎಷ್ಟು ವರ್ಷವಾಗಿತ್ತೋ.

ಮುಂದಿನ ವಸಂತಕ್ಕೆ ಅದೇ ಮೇಜು, ಅದೇ ಜಗ್ಗಾಟ. ಮೂರನೆಯ ವರ್ಷಕ್ಕೆ "ನೀವು" ಹೋಗಿ "ನೀನು" ಬಂತು. ಆಲ್ವಿನ್ ಬೆಲೆ ಏರಿಸಿದರೆ ಎವಾಲ್ಡ್ ಅದಕ್ಕಿಂತ ಏರಿಸುತ್ತಿದ್ದ. ಆಲ್ವಿನ್ ಒಪ್ಪಿಬಿಡುವಂತೆ ಕಂಡರೆ, ಒರೆಯ ತೊಗಲು ಇನ್ನೂ ಒಂದು ಚಳಿಗಾಲ ಎಣ್ಣೆ ಕುಡಿಯಬೇಕು ಎಂದು ನೆವ ತೆಗೆಯುತ್ತಿದ್ದ. ವರ್ಷದ ಉಳಿದ ದಿನಗಳೆಲ್ಲ ಆ ಒಂದು ದಿನಕ್ಕಾಗಿ. ಒರೆ ಕೊಟ್ಟರೆ ಬೇಬ್ರಾದ ಮುದುಕ ತನ್ನ ಮೇಜಿಗೆ ಯಾಕೆ ಬರುತ್ತಾನೆ ಎಂಬುದೇ ಅವನ ಭಯ. ಹೀಗೆ ಹನ್ನೆರಡು ವಸಂತ ಕಳೆದವು. ಪ್ರತಿ ಸಲವೂ ಒರೆ ಕತ್ತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸುತ್ತಿದ್ದರು, ಅಷ್ಟೆ. ಉಳಿದ ಸಂಗ್ರಹಕಾರರು, ಏನಯ್ಯಾ, ನಿಶ್ಚಿತಾರ್ಥ ಇನ್ನೂ ಮುಗಿಯಲಿಲ್ಲವೇ ಎಂದು ಛೇಡಿಸಿ ಹೋಗುತ್ತಿದ್ದರು.

ಹದಿಮೂರನೆಯ ವಸಂತಕ್ಕೆ ಆಲ್ವಿನ್ ತಡವಾಗಿ ಬಂದ. ಸಾಮಾನಿನ ಪೆಟ್ಟಿಗೆ ಇರಲಿಲ್ಲ, ಕೈಯಲ್ಲಿ ಬಿಳಿ ಕೋಲು, ಕಂಕುಳಲ್ಲಿ ಬಟ್ಟೆ ಸುತ್ತಿದ ಕತ್ತಿ. ಕುರ್ಚಿಯನ್ನು ತಡವಿಕೊಂಡು ಕೂತ.

"ಕಣ್ಣು ಹೋಗ್ತಾ ಇದೆ ಕಣಯ್ಯ," ಎಂದ. "ನಡುವಿನದ್ದು ಕಾಣಲ್ಲ, ಅಂಚು ಮಾತ್ರ ಕಾಣುತ್ತೆ. ನಿನ್ನ ಮುಖ ಇಲ್ಲ, ಎರಡು ಕಿವಿ ಇವೆ."

"ಮುಖ ನೋಡಿ ಆಗಬೇಕಾದ್ದೇನಿಲ್ಲ ಬಿಡು," ಎಂದ ಎವಾಲ್ಡ್.

ಆಲ್ವಿನ್ ಸಂಗ್ರಹವನ್ನೆಲ್ಲ ಮಾರಿಬಿಟ್ಟಿದ್ದ. ಗುರುತು ಓದಲಾಗದವನಿಗೆ ಕತ್ತಿ ಯಾಕೆ ಎಂದ. ಇದೊಂದರ ಗುರುತು ಮಾತ್ರ ಉಗುರಾಡಿಸಿದರೂ ಓದಲು ಬರುತ್ತದೆ, ಬಾಯಿಪಾಠವಾಗಿದೆ ಎಂದ. ಬಟ್ಟೆ ಬಿಚ್ಚಿ ಕತ್ತಿಯನ್ನು ಎವಾಲ್ಡನ ಮುಂದೆ ತಳ್ಳಿದ.

"ಇದು ನಿನಗೆ. ಈ ಸಲ ಪದ್ಧತಿ ತಿರುಗುಮುರುಗಾಗ್ಲಿ, ಕತ್ತಿನೇ ಒರೆ ಹತ್ರ ಬರ್ಲಿ. ಬೆಲೆಗಿಲೆ ಏನೂ ಬೇಡ. ತೆಗಿ ಒರೆ, ಹಾಕಿಬಿಡೋಣ."

ಒರೆ ಎವಾಲ್ಡನ ಕಾಲ ಬುಡದ ಚೀಲದಲ್ಲೇ ಇತ್ತು. ಬಗ್ಗಿ ತೆಗೆದರೆ ಆಯಿತು, ಜನ್ಮದಲ್ಲಿ ಒಮ್ಮೆ ಸಿಗುವ ಜೋಡಿ ಕೈಗೆ ಬರುತ್ತಿತ್ತು. ಬಗ್ಗಲು ಅವನಿಗೆ ಆಗಲಿಲ್ಲ. ಒರೆಗೆ ಕತ್ತಿ ಇಳಿದ ಮೇಲೆ ಈ ಮನುಷ್ಯ ಎದ್ದು ಹೋಗುತ್ತಾನೆ, ಮುಂದಿನ ವಸಂತಕ್ಕೆ ಆ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ ಎಂಬುದೊಂದೇ ತಲೆಯಲ್ಲಿ. ಒರೆ ಕೈತಪ್ಪಿದೆ ಎಂದರೆ ಇಬ್ಬರೂ ಸೇರಿ ಹುಡುಕಬಹುದು, ಹುಡುಕುವಷ್ಟು ಕಾಲ ಮಾತು ಇರುತ್ತದೆ ಎಂದು ಆ ಗಳಿಗೆಯ ಬುದ್ಧಿ ಹೇಳಿತು.

"ಮಾರಿಬಿಟ್ಟೆ ಕಣೋ," ಎಂದ. "ಚಳಿಗಾಲದಲ್ಲಿ. ಒಬ್ಬ ಡಚ್ಚನಿಗೆ."

"ಯಾವ ಡಚ್ಚ?"

"ಎತ್ತರದವನು."

"ಡಚ್ಚರಲ್ಲಿ ಗಿಡ್ಡ ಇರೋನು ಯಾರು?" ಎಂದ ಆಲ್ವಿನ್, ಆದರೆ ನಗಲಿಲ್ಲ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ. ಸುತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಹನ್ನೆರಡು ವರ್ಷ ನನಗೆ ಕೊಡಲಿಲ್ಲ. ಅವನಿಗೆ ಕೊಟ್ಟೆ." ಇಷ್ಟು ಹೇಳಿ ಎದ್ದು, ಸೂಪನ್ನೂ ಕುಡಿಯದೆ, ಕೋಲು ಕುಟ್ಟುತ್ತ ಜನರ ನಡುವೆ ಸೇರಿಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎವಾಲ್ಡ್ ಚೀಲ ಎತ್ತಿಕೊಂಡು ಹಿಂದೆ ಓಡಬೇಕಿತ್ತು. ಅವನು ಮೇಜಿನ ಮೇಲಿದ್ದ ಸಾಮಾನು ಯಾರಾದರೂ ಎತ್ತಿಕೊಂಡಾರು ಎಂದು ಕೂತ. ಸಂಗ್ರಹಕಾರನ ಬುದ್ಧಿ ಎಷ್ಟಾದರೂ ಸಂಗ್ರಹಕಾರನದೇ. ಸಂಜೆ ಹುಡುಕಿದಾಗ ಆಲ್ವಿನ್ ಎಲ್ಲೂ ಸಿಗಲಿಲ್ಲ.

ಎರಡು ತಿಂಗಳು ಅವನಿಗೆ ಅನ್ನ ನಿದ್ದೆ ಸೇರಲಿಲ್ಲ. ಬೇಕರಿಯವಳು ಮೈ ಸರಿ ಇಲ್ಲವೇ ಎಂದು ಕೇಳಿದಳು. ಅದಕ್ಕೇ ಅವನ ಕಣ್ಣು ತುಂಬಿತು. ಕೊನೆಗೆ ಒಂದು ಶನಿವಾರ ಒರೆಯನ್ನು ಚೀಲಕ್ಕೆ ಹಾಕಿಕೊಂಡು, ರೈಲಿನ ಮೇಲೆ ರೈಲು ಬದಲಿಸಿ ಬೇಬ್ರಾಕ್ಕೆ ಹೋದ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ: ಸುಳ್ಳು ಹೇಳಿದೆ, ಇಗೋ ಒರೆ, ನಿನಗೇ, ಬೈಯುವುದಿದ್ದರೆ ಬೈ.

ಬಾಗಿಲು ತೆಗೆದ ಆಲ್ವಿನ್ ದನಿಯಿಂದಲೇ ಗುರುತು ಹಿಡಿದ. ಒಳಗೆ ಗೋಡೆ ಬೋಳಾಗಿತ್ತು. ಕತ್ತಿಗಳು ತೂಗುತ್ತಿದ್ದ ಕಡೆಯೆಲ್ಲ ಸುಣ್ಣ ಬೆಳ್ಳಗೆ ಉಳಿದಿತ್ತು. ಎವಾಲ್ಡ್ ಮೇಜಿನ ಬಳಿ ಕೂತು ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡ. ಆಲ್ವಿನ್ ತಡಕಾಡಿ ಕಾಫಿ ಇಳಿಸಿದ, ಒಣಗಿಸಿದ ಸಾಸೇಜನ್ನು ಬೆರಳಿನಿಂದ ಅಳತೆ ನೋಡಿಕೊಂಡು ಕೊಯ್ದ. ಎವಾಲ್ಡ್ ಬಾಯಿ ತೆರೆಯುವ ಮೊದಲೇ ಅವನು ಮಾತು ಶುರುಮಾಡಿದ.

"ಅವತ್ತು ನಿನ್ನ ಮೇಲೆ ಕೋಪ ಬಂದಿತ್ತು. ಹೊರಗೆ ನಿಂತು ಯೋಚನೆ ಮಾಡ್ದೆ. ಯಾರ ಹತ್ರ ಇದ್ರೇನು, ಎರಡೂ ಒಂದಾದ್ರೆ ಸಾಕು ಅಲ್ವಾ? ಮತ್ತೆ ಒಳಗೆ ಬಂದು ಮೇಜಿಂದ ಮೇಜಿಗೆ ಹೋಗಿ ಡಚ್ಚರನ್ನೆಲ್ಲ ಕೇಳ್ದೆ, ಸೋಲಿಂಗೆನ್ನಿನ ಹಾಸೆಲ್‌ಕುಸ್ ಹತ್ರ ಒರೆ ತಗೊಂಡೋರು ಯಾರಪ್ಪಾ, ಅದರ ಕತ್ತಿ ಕೊಡೋಕೆ ಬಂದಿದೀನಿ, ದುಡ್ಡು ಬೇಡ ಅಂತ. ಇಬ್ಬರು ಇಲ್ಲ ಅಂದ್ರು. ಮೂರನೆಯವನು ನಾನೇ ಅಂದ. ಕೊಟ್ಟುಬಿಟ್ಟೆ."

ಎವಾಲ್ಡ್ ಕಾಫಿಯ ಬಟ್ಟಲನ್ನು ಕೆಳಗಿಟ್ಟ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಎಲ್ಲಿಂದಲೋ ಬಂದು ಜೊತೆಯಾಗಿತ್ತು. ಆ ಮೂರನೆಯವನ ಬಳಿ ಒರೆ ಇರಲು ಸಾಧ್ಯವೇ ಇರಲಿಲ್ಲ. ಪುಕ್ಕಟೆ ಬಂದದ್ದನ್ನು ಹೌದು ಎಂದು ಜೇಬಿಗಿಳಿಸಿಕೊಂಡು ಹೋಗಿದ್ದ, ಅಷ್ಟೆ. ಕತ್ತಿ ಈಗ ಯಾವ ಊರಿನಲ್ಲಿ ಯಾರ ಕೈಗೆ ಮಾರಿಹೋಗಿದೆಯೋ, ಇನ್ನು ಅದು ಸಿಗುವ ಮಾತಲ್ಲ.

"ಅಷ್ಟಾದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದೀನಿ ಕಣಯ್ಯ," ಎಂದ ಆಲ್ವಿನ್. ಅವನ ಮುಖದಲ್ಲಿ ನಿಜವಾಗಿಯೂ ನೆಮ್ಮದಿ ಇತ್ತು. "ಈ ಹಾಳು ಕಣ್ಣು ಹೋಗೋದ್ರೊಳಗೆ ಒಂದು ಒಳ್ಳೇ ಕೆಲಸ ಆಯ್ತು."

ಎವಾಲ್ಡ್ ಚೀಲದತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದ. ಬಾಯಿಪಾಠ ಮಾಡಿದ್ದನ್ನು ಹೇಳಿದರೆ ಈ ಮುಖದ ನೆಮ್ಮದಿ ಹೋಗುತ್ತದೆ. ಹೇಳಿದರೆ ಈ ಬಾಗಿಲೂ ಮುಚ್ಚುತ್ತದೆ. ಇವೆರಡರಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂದರೆ ಎರಡನೆಯದೇ. ಒಂಟಿ ಮನುಷ್ಯನ ಕರುಣೆಯಲ್ಲಿ ಸ್ವಾರ್ಥ ಬೆರೆತಿರುವುದಿಲ್ಲ ಎಂದು ಯಾರೂ ಆಣೆ ಮಾಡಬಾರದು.

ಆಲ್ವಿನ್ ಮೇಜಿನ ಮೇಲೆ ತಡವಿ ಅವನ ಕೈ ಹಿಡಿದುಕೊಂಡ. "ನೋಡು, ಒರೆ ಇಲ್ಲ ಕತ್ತಿ ಇಲ್ಲ ಅಂತ ಬರೋದು ಬಿಡ್ಬೇಡ. ನಾನೇನು ಆ ತೊಗಲಿನ ತುಂಡಿಗೋಸ್ಕರ ಹನ್ನೆರಡು ವರ್ಷ ಬಂದೆ ಅಂದ್ಕೊಂಡಿದ್ಯಾ? ನೀನು ಕೊಡೋನಲ್ಲ ಅಂತ ಎರಡನೇ ವರ್ಷವೇ ಗೊತ್ತಾಗಿತ್ತು."

ಹನ್ನೆರಡು ವರ್ಷ ಎವಾಲ್ಡ್ ಕಾದು ಕೂತಿದ್ದ ಮಾತು ಇದು. ಇದನ್ನು ಕೇಳುವುದಕ್ಕೆ ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ. ಆ ಕೈಯನ್ನು ಬಿಡುವ ಧೈರ್ಯವೂ ಬರಲಿಲ್ಲ, ಗಟ್ಟಿಯಾಗಿ ಹಿಡಿಯುವ ಧೈರ್ಯವೂ ಬರಲಿಲ್ಲ.

"ಒಂದೇ ಕೊರಗು," ಎಂದ ಆಲ್ವಿನ್. "ಹಾಕಿದ ಮೇಲೆ ಅದು ಹೇಗೆ ಕಾಣುತ್ತೆ ಅಂತ ನಾವಿಬ್ಬರೂ ನೋಡಲಿಲ್ಲ. ಆ ಒರೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹೇಳು, ಹೇಗೆ ಕೂತಿರುತ್ತೆ?"

ಎವಾಲ್ಡ್ ಹೇಳಿದ. ಮೊದಲು ಅಲಗಿನ ತುದಿ ಬಾಯಿಪಟ್ಟಿಗೆ ತಾಗುತ್ತದೆ, ಒಳಗೆ ಸ್ವಲ್ಪ ಬಿಗಿ, ಆಮೇಲೆ ಎಣ್ಣೆಯಲ್ಲಿ ಜಾರಿದಂತೆ ಇಳಿಯುತ್ತದೆ ಎಂದ. ಕೊನೆಗೆ ಸಣ್ಣಗೆ ಟಕ್ ಎನ್ನುತ್ತದೆ. ಅಡ್ಡಪಟ್ಟಿಯ ಮೇಲೊಂದು ಐವತ್ತೇಳು, ಐದು, ನೂರ ಹದಿನೆಂಟು. ಅದರ ಕೆಳಗೇ, ಬೆರಳಗಲ ಬಿಟ್ಟು, ಇನ್ನೊಂದು. ಆಲ್ವಿನ್ ಕಣ್ಣು ಮುಚ್ಚಿ ಕೇಳಿದ. ಅವನ ಹೆಬ್ಬೆರಳಿನ ಉಗುರು ಮೇಜಿನ ಮರದ ಮೇಲೆ ಆ ಅಂಕಿಗಳನ್ನು ಬರೆಯುತ್ತಿತ್ತು.

"ಚೆನ್ನಾಗಿ ಕೂತಿರುತ್ತೆ ಅಲ್ವಾ?"

"ಕೂತಿರುತ್ತೆ."

"ಮುಂದಿನ ತಿಂಗಳು ಬಾ. ಬಂದು ಇನ್ನೊಂದು ಸಲ ಹೇಳು."

ಬರುತ್ತೇನೆ ಎಂದ ಎವಾಲ್ಡ್, ಚೀಲವನ್ನು ಹಿಮ್ಮಡಿಯಿಂದ ಕುರ್ಚಿಯ ಅಡಿಗೆ ಇನ್ನಷ್ಟು ಒಳಕ್ಕೆ ತಳ್ಳುತ್ತ.